ಕೊನೆಯ ಬೆಂಚಿನ ಪೇಷಂಟು

ಡಾಕ್ಟರಿಗೂ ನಾಚಿಕೆ ಇರುತ್ತದೆ ಎಂದರೆ ನೀವು ನಂಬಲಿಕ್ಕಿಲ್ಲ. ಕೆಮ್ಮಿನ ಬಗ್ಗೆ ಬಿಡಿಸಿ ಬಿಡಿಸಿ ವಿಚಾರಿಸುವವರು, ಲೈಂಗಿಕ ಸೋಂಕು ಎಂದ ಕೂಡಲೇ ಪೆನ್ನಿನ ಮುಚ್ಚಳ ಹುಡುಕತೊಡಗುತ್ತಾರೆ. ಆ ನಾಚಿಕೆ ಬಿಡಿಸುವುದೇ ನನ್ನ ಕೆಲಸ. ತುಮಕೂರಿನಿಂದ ಗುಬ್ಬಿ, ಕುಣಿಗಲ್ ಎಂದು ಸುತ್ತಿ, ಯಾರಿಗೆ ಯಾವ ಪರೀಕ್ಷೆ ಬರೆಯಬೇಕು, ಹೇಗೆ ಕೇಳಬೇಕು ಎಂದು ಡಾಕ್ಟರು, ನರ್ಸುಗಳಿಗೆ ಹೇಳಿಕೊಡುತ್ತೇನೆ. ನೆಂಟರು ಬಂದು ನನ್ನ ಕೆಲಸದ ಬಗ್ಗೆ ಕೇಳಿದರೆ ನನ್ನ ಹೆಂಡತಿ "ಟ್ರೈನಿಂಗ್ ಕೊಡ್ತಾರೆ" ಎಂದಷ್ಟೇ ಹೇಳಿ ಕಾಫಿಗೆ ಎದ್ದುಹೋಗುತ್ತಾಳೆ.

ಒಮ್ಮೆ ಗುಬ್ಬಿ ಕಡೆಯ ಆಸ್ಪತ್ರೆಯೊಂದರಲ್ಲಿ ತರಬೇತಿ ಇತ್ತು. ಹೊಸ ಕಟ್ಟಡವಾದ ಮೇಲೆ ಖಾಲಿ ಬಿದ್ದಿದ್ದ ಹೆರಿಗೆ ವಾರ್ಡೇ ನಮ್ಮ ಹಾಲ್. ಮಧ್ಯಾಹ್ನ ಮೋಡ ಕವಿದು ಕರೆಂಟೂ ಹೋಯಿತು. "ಯಾರಾದ್ರೂ ಒಬ್ರು ಪೇಷಂಟ್ ಆಗಿ, ಹೇಗೆ ಕೇಳ್ಬೇಕು ಅಂತ ತೋರಿಸ್ತೀನಿ" ಎಂದೆ. ಯಾರೂ ಅಲ್ಲಾಡಲಿಲ್ಲ. ಆಮೇಲೆ ಕೊನೆಯ ಬೆಂಚಿನ ಕತ್ತಲಲ್ಲಿ ಒಬ್ಬಳು ಎದ್ದು ನಿಂತಳು. ಮುಖ ಕಾಣಿಸಲಿಲ್ಲ, ಬಿಳಿ ಸೆರಗು ಮಾತ್ರ.

"ಏನಮ್ಮ ತೊಂದ್ರೆ?"

"ಎಲ್ಡು ಮಕ್ಳು ಹೊಟ್ಟೇಲೇ ಹೋದ್ವು ಸಾ. ಹೆರಿಗೆ ಆಗಿದ್ದು ಈ ರೂಮ್ನಾಗೇ. ಅಳ್ಲೇ ಇಲ್ಲ."

ಲೈಂಗಿಕ ಸೋಂಕಿನಿಂದಲೂ ಹೀಗಾಗುತ್ತದೆ; ಪಾಠದಂತೆ ಕೇಳಿದೆ: "ಸಿಫಿಲಿಸ್‌ಗೆ ರಕ್ತ ಪರೀಕ್ಷೆ ಮಾಡಿಸಿದ್ರಾ?"

"ಯಾರೂ ಹೇಳ್ನಿಲ್ಲ. ಈಗ ಇನ್ನೊಂದೈತೆ. ಇದೂ ಅಳಾಕಿಲ್ವೇನೋ."

"ಭೇಷ್! ಎಂಥಾ ಆಕ್ಟಿಂಗ್!" ಎಂದು ನಾನೊಬ್ಬನೇ ಚಪ್ಪಾಳೆ ತಟ್ಟಿದೆ. ಮುಂದಿನ ಸಾಲಿನ ಹಿರಿಯ ನರ್ಸ್ ಪಿಸುಗುಟ್ಟಿದರು: "ಸಾರ್, ಅವ್ರು ನಮ್ ಸ್ಟಾಫ್ ಅಲ್ಲ."

ಕರೆಂಟು ಬಂದಾಗ ಬೆಂಚು ಖಾಲಿ. ತಟ್ಟಿದ ಕೈಗಳನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ನರ್ಸ್ ಓಡಿಹೋಗಿ, ಹೊರಗಿನ ಮೆಟ್ಟಿಲ ಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ಕರೆತಂದರು. ಸಿ.ಎಸ್. ಪುರದಿಂದ ತಪಾಸಣೆಗೆ ಬಂದ ಬಸುರಿ. "ಒಳಗ್ ಕೂತ್ಕೊ ಅಂದ್ರು, ಕೂತೆ. ಪೇಷಂಟು ಅಂದ್ರಿ, ಎದ್ದೆ" ಎಂದಳು. ಅವಳ ಕ್ಷಮೆ ಕೇಳಿದೆ.

ಅಂದೇ ರಕ್ತ ತೆಗೆದರು. ಸಿಫಿಲಿಸ್ ಇತ್ತು. ಇಂಜೆಕ್ಷನ್ ಶುರುವಾಯಿತು. ಮುಂದೆ ಹುಟ್ಟಿದ ಮಗು ವಾರ್ಡಿಗೆಲ್ಲ ಕೇಳುವಂತೆ ಕಿರುಚಿತು ಎಂದು ನರ್ಸ್ ಫೋನು ಮಾಡಿ ಹೇಳಿದರು.

ಆದರೆ ರಕ್ತ ತೆಗೆದ ಆ ದಿನ ಅವಳ ಗಂಡನನ್ನು ಕರೆಸಿ, ನೀವೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಇದರಲ್ಲಿ ನಾಚಿಕೆ ಏನಿಲ್ಲ ಎಂದು ನಾನು ಭಾಷಣ ಮಾಡಿದಾಗ, ಅವನು ಮುಖ ನೋಡಿ ಕೇಳಿದ: "ನೀವ್ ಮಾಡಿಸ್ಕಂಡಿದೀರಾ ಸಾ?"

ಎಲ್ಲರೂ ನನ್ನತ್ತ ತಿರುಗಿದರು. ಬೇರೆ ದಾರಿ ಕಾಣದೆ ಅಂಗಿಯ ತೋಳು ಮಡಚಿ ರಕ್ತ ಕೊಟ್ಟೆ; ಅವನೂ ಕೊಟ್ಟ. ರಿಸಲ್ಟ್ ಬರುವವರೆಗೆ ಅವನ ಪಕ್ಕದಲ್ಲೇ ಕೂತು, ಬೆವರುತ್ತಾ, ನನ್ನ ಯೌವನವನ್ನೆಲ್ಲ ತಡಕಾಡಿದೆ. ಹೆದರುವಂಥದ್ದು ಒಂದೂ ಸಿಗಲಿಲ್ಲ. ಸಮಾಧಾನವಾಗಬೇಕಿತ್ತು, ಯಾಕೋ ಸ್ವಲ್ಪ ಬೇಜಾರೇ ಆಯಿತು.