ಗಟ್ಟಿ ಮಾಡಿಸಿದ ಕುರ್ಚಿ

ಆ ದಿನದ ಎಲ್ಲ ರಾದ್ಧಾಂತಕ್ಕೂ ಒಂದು ಕನ್ನಡಕ ಕಾರಣ. ಅದು ಮೂಗಿನ ಮೇಲಿದ್ದಿದ್ದರೆ, ಗಡಿಯಾರ ರಿಪೇರಿಯ ಟೈಮ್ ಭಾಯ್ ತಾನು ಎಂಥ ಕುರ್ಚಿಯಲ್ಲಿ ಕೂರುತ್ತಿದ್ದೇನೆಂದು ನೋಡಿಕೊಂಡು ಕೂರುತ್ತಿದ್ದ.

ಟೈಮ್ ಭಾಯ್ ಎನ್ನುವುದು ಬೀದಿಯವರು ಇಟ್ಟ ಹೆಸರು. ಎಲ್ಲರ ಟೈಮನ್ನೂ ಸರಿ ಮಾಡುವ ಅವನಿಗೆ ಸ್ವಂತ ಟೈಮ್ ಮಾತ್ರ ಎಂದೂ ಸರಿಯಿರಲಿಲ್ಲ. ಯಾರು ಏನು ಕೇಳಿದರೂ ‘ಹೂಂ’ ಎಂದುಬಿಡುವ ಬಾಯಿ ಅವನದು. ಆ ಒಂದು ‘ಹೂಂ’ನಿಂದಾಗಿ ಕಂಡವರ ಮನೆ ಸಾಮಾನು ಸಾಗಿಸಿದ್ದ, ಗುರುತಿಲ್ಲದ ಗಂಡಹೆಂಡಿರ ಜಗಳ ಬಿಡಿಸಲು ಹೋಗಿ ಇಬ್ಬರಿಂದಲೂ ಬೈಸಿಕೊಂಡಿದ್ದ, ಚರಂಡಿ ಸಮಿತಿಗೆ ಸೇರಿ ಚರಂಡಿಗೇ ಬಿದ್ದಿದ್ದ.

ಇವತ್ತು ಅಂಥದ್ದೇನೂ ಆಗುವ ಹಾಗಿರಲಿಲ್ಲ. ನಾಳೆ ಬೆಳಿಗ್ಗೆ ರೈಲು. ಮಗಳಿಗೆ ಹೆರಿಗೆಯಾಗಿ ಮೊದಲ ಮೊಮ್ಮಗಳು ಹುಟ್ಟಿದ್ದಳು. ಫೋನಿನಲ್ಲಿ ಆ ಕೂಸಿನ ಅಳು ಕೇಳಿದಾಗಿನಿಂದ ಟೈಮ್ ಭಾಯ್‌ಗೆ ಊಟ ರುಚಿಸುತ್ತಿರಲಿಲ್ಲ. ಎರಡು ತಿಂಗಳು ಮಗಳ ಮನೆಯಲ್ಲಿದ್ದು, ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡು ಸುಮ್ಮನೆ ಬಿದ್ದುಕೊಂಡಿರಬೇಕು ಎನ್ನುವುದೊಂದೇ ಅವನ ಆಸೆ.

“ರೀ, ಸೆಂಟರಿಗೆ ಹೋಗಿ, ಹೊಸ ಕನ್ನಡಕ ಇಸ್ಕೊಳ್ಳಿ, ವಾಪಸ್ ಬನ್ನಿ,” ಎಂದಳು ಹೆಂಡತಿ, ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಅದನ್ನು ಮುಚ್ಚುತ್ತಾ. “ಸಂಜೆ ಅಲ್ಲಿ ವರ್ಷದ ಮೀಟಿಂಗ್ ಇದೆ. ಯಾರಾದ್ರೂ ಏನಾದ್ರೂ ಹೊರಿಸೋಕೆ ಬಂದ್ರೆ ‘ಊಹೂಂ’ ಅನ್ಬೇಕು. ಗೊತ್ತಾಯ್ತಾ? ಎಲ್ಲಿ, ಒಂದ್ಸಲ ಅನ್ನಿ ನೋಡೋಣ.”

“ಹೂಂ,” ಎಂದ ಟೈಮ್ ಭಾಯ್.

ಸೆಂಟರೆಂದರೆ ಮಸೀದಿಯ ಪಕ್ಕದ ಎರಡಂತಸ್ತಿನ ಸಮುದಾಯ ಕೇಂದ್ರ. ಕಟ್ಟಿಸಿದವರು ಈಗಿಲ್ಲದ ಹಾಜಿ ಸಾಹೇಬರು, ನಡೆಸುವವರು ಮಸೀದಿಯ ಜಮಾತಿನವರು, ಬಳಸುವವರು ಬೀದಿಯವರೆಲ್ಲರೂ. ಕೆಳಗೆ ಕಣ್ಣಿನ ತಪಾಸಣೆ, ಮೇಲೆ ಹೊಲಿಗೆ ಕ್ಲಾಸು, ಮೆಟ್ಟಿಲ ಮೇಲೆ ಟ್ಯೂಷನ್ ಮಕ್ಕಳು, ವರಾಂಡದಲ್ಲಿ ಪೇಪರ್ ಓದುವ ಪಿಂಚಣಿದಾರರು. ನಿನ್ನ ದೇವರು ಯಾರು ಎಂದು ಅಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಫ್ಯಾನ್ ಕೆಳಗಿನ ಜಾಗ ಯಾರದು ಎಂಬುದಕ್ಕೆ ಮಾತ್ರ ದಿನವೂ ಜಗಳ.

ಅಧ್ಯಕ್ಷರು ನಿವೃತ್ತ ಗಣಿತದ ಮೇಷ್ಟ್ರು. ಪ್ರತಿ ವರ್ಷದ ಮೀಟಿಂಗಿನಲ್ಲೂ “ಸಾಕು, ನನ್ನ ಬಿಟ್ಟುಬಿಡಿ” ಎಂದು ಕೈಮುಗಿಯುತ್ತಿದ್ದರು. ಜನ ಜೋರಾಗಿ ಚಪ್ಪಾಳೆ ತಟ್ಟಿ ಮತ್ತೆ ಅವರನ್ನೇ ಕೂರಿಸುತ್ತಿದ್ದರು. ನಲ್ಲಿ ಸೋರಿದರೂ ಡಾಕ್ಟರು ಬಾರದಿದ್ದರೂ ಬೈಸಿಕೊಳ್ಳುವ ಆ ಕೆಲಸ ಬೇರೆ ಯಾರಿಗೂ ಬೇಕಿರಲಿಲ್ಲ.

“ಬನ್ನಿ ಭಾಯ್, ಬನ್ನಿ!” ಎಂದು ಟೈಮ್ ಭಾಯ್‌ನನ್ನು ಕಂಡದ್ದೇ ಮೇಷ್ಟ್ರು ಎದ್ದೇ ನಿಂತರು. “ಅಲ್ಲಿ ಬೆಂಚ್ ಮೇಲೆ ಬೇಡ, ಸೆಕೆ. ಇಲ್ಲಿ, ಫ್ಯಾನ್ ಕೆಳಗೆ, ನನ್ನ ಕುರ್ಚೀಲಿ ಕೂತ್ಕೊಳ್ಳಿ. ಕನ್ನಡಕ ಒಳಗಿದೆ, ತರ್ತೀನಿ.”

ಅಷ್ಟು ದೊಡ್ಡವರು ಕೂರು ಎಂದಾಗ ಟೈಮ್ ಭಾಯ್‌ಗೆ ಇಲ್ಲವೆನ್ನಲಾಗಲಿಲ್ಲ. ಕೂತ. ಕಟಕ್! ಎಡಗಡೆಯ ಹಿಂದಿನ ಕಾಲು ಕಿತ್ತು, ಕುರ್ಚಿ ಒಂದು ಕಡೆ, ಅವನು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ.

ಅದು ಬರೀ ಕುರ್ಚಿಯಲ್ಲ. ಸ್ವತಃ ಹಾಜಿ ಸಾಹೇಬರು ಕೂತಿದ್ದ, ತೋಳುಗಳಿದ್ದ ಹಳೇ ಮರದ ಕುರ್ಚಿ. ಟೈಮ್ ಭಾಯ್‌ನ ಎದೆ ಬಿದ್ದ ಗಡಿಯಾರದಂತೆ ಒಂದು ಗಳಿಗೆ ನಿಂತೇಹೋಯಿತು. ಮೇಷ್ಟ್ರಿನ್ನೂ ಬಂದಿರಲಿಲ್ಲ. ಒಳಗೆ ಅವರು ಕನ್ನಡಕ ಹುಡುಕುತ್ತಾ ಹಾಡು ಗುನುಗುವುದು ಕೇಳಿಸುತ್ತಿತ್ತು. ಸಂಜೆಯೊಳಗೆ ಸದ್ದಿಲ್ಲದೆ ರಿಪೇರಿ ಮಾಡಿಸಿ ತಂದಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅವನು ಕುರ್ಚಿಯನ್ನು ತಲೆಯ ಮೇಲೆ ಹೊತ್ತು, ಮುರಿದ ಕಾಲನ್ನು ಕಂಕುಳಲ್ಲಿ ಸಿಕ್ಕಿಸಿ, ಹಿಂದಿನ ಬಾಗಿಲಿನಿಂದ ಹೊರಬಿದ್ದ.

ಬಡಗಿಯ ಅಂಗಡಿ ಇದ್ದದ್ದು ಕ್ಷೌರಿಕನ ಅಂಗಡಿಯ ಎದುರಿಗೆ. ಕ್ಷೌರಿಕನಿಗೆ ತಿಳಿದದ್ದು ಊರಿಗೆಲ್ಲ ತಿಳಿದಂತೆ. ಅವನು ಗಿರಾಕಿಯ ಅರ್ಧ ಗಡ್ಡವನ್ನು ನೊರೆಯಲ್ಲೇ ಬಿಟ್ಟು ಹೊರಗೆ ಬಂದ.

“ಏನ್ ಭಾಯ್, ಅಧ್ಯಕ್ಷರ ಕುರ್ಚಿ ನಿಮ್ಮ ಹತ್ರ?”

ಮುರಿಯಿತು ಎನ್ನಲು ಬಾಯಿ ಬರಲಿಲ್ಲ. “ಏನಿಲ್ಲ, ಸಂಜೆ ಮೀಟಿಂಗಿಗೆ ಮುಂಚೆ ಕುರ್ಚಿ ಸ್ವಲ್ಪ ಗಟ್ಟಿ ಮಾಡ್ಕೊಳ್ಳೋಣ ಅಂತ.”

ಕ್ಷೌರಿಕನ ಹುಬ್ಬು ಹಣೆಯ ತುದಿಗೇರಿತು. “ಮೇಷ್ಟ್ರಿಗೆ ಗೊತ್ತಾ?”

“ಅಯ್ಯೋ, ಅವರಿಗೆ ಮಾತ್ರ ಹೇಳ್ಬೇಡ ಮಾರಾಯ! ಎಲ್ಲಾ ಒಳಗಿಂದೊಳಗೇ ಆಗ್ಬೇಕು.”

“ನನ್ನ ಬಾಯಿಂದ ಒಂದು ಮಾತೂ ಹೊರಗೆ ಬರಲ್ಲ,” ಎಂದ ಕ್ಷೌರಿಕ. ಒಳಗೆ ಹೋಗಿ ಅರ್ಧ ಗಡ್ಡದ ಗಿರಾಕಿಗೆ ಹೇಳಿದ. ಗಿರಾಕಿ ಉಳಿದರ್ಧ ಗಡ್ಡದ ಆಸೆ ಬಿಟ್ಟು ಎದ್ದು ಹೊರಟ.

ಬಡಗಿ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ ನಕ್ಕ. “ಓ, ಇದಾ! ಹಿಂದೊಂದ್ಸಲ ಮೇಷ್ಟ್ರೇ ತಂದಿದ್ರು. ಇದೇ ಕಾಲು. ಅವರಿಗೆ ಮಾಡ್ಕೊಟ್ಟ ಹಾಗೆ ಸುಮ್ನೆ ನಿಲ್ಲೋ ಥರ ಅಂಟಿಸ್ಲಾ, ಇಲ್ಲಾ ಗಟ್ಟಿಯಾಗೇ ಮಾಡ್ಲಾ?”

“ಎಂಥಾ ಮಾತು! ಹಾಜಿ ಸಾಹೇಬರ ಕುರ್ಚಿ ಅದು. ಆನೆ ಕೂತ್ರೂ ಅಲ್ಲಾಡಬಾರದು. ನಾನು ಸಾಯೋವರೆಗೂ ಮುರೀಬಾರದು, ಹಾಗೆ ಮಾಡು.”

ಅಂಟು ಒಣಗುವವರೆಗೆ ಕಾಯಬೇಕಾಯಿತು. ಟೈಮ್ ಭಾಯ್ ಮರದ ಹೊಟ್ಟಿನ ರಾಶಿಯ ಪಕ್ಕ ಮುಖ ಮರೆಸಿಕೊಂಡು ಕೂತ. ಅಷ್ಟರಲ್ಲಿ ಹೊಲಿಗೆ ಟೀಚರಮ್ಮ ಹುಡುಕಿಕೊಂಡು ಬಂದರು. ಕತ್ತಿನಲ್ಲಿ ಇನ್ನೂ ಅಳತೆಯ ಟೇಪು ನೇತಾಡುತ್ತಿತ್ತು.

“ಅಲ್ಲ ಭಾಯ್, ಕುರ್ಚಿ ಬೇಕಿದ್ರೆ ಬಾಯ್ಬಿಟ್ಟು ಹೇಳ್ಬಾರದಿತ್ತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. “ಟೀಚರಮ್ಮಾ, ಆಣೆ ಮಾಡ್ತೀನಿ, ನಾನು ಕೂತಿದ್ದು ಒಂದೇ ಒಂದು ಸಲ!”

“ಎಲ್ಲರೂ ಶುರುನಲ್ಲಿ ಹಾಗೇ ಅನ್ನೋದು. ಇರ್ಲಿ, ನಾವು ಹೆಂಗಸರು ನಿಮ್ಮ ಕಡೆಗೇ ಇದೀವಿ. ಮೇಲಿನ ರೂಮಿಗೆ ಇನ್ನೊಂದು ಫ್ಯಾನ್ ಹಾಕಿಸಿಕೊಡಿ, ಅಷ್ಟು ಸಾಕು.”

ಆಕೆ ಬೇಗ ಹೋದರೆ ಸಾಕಾಗಿತ್ತು. “ಹೂಂ,” ಎಂದ.

ಹಿಂದೆಯೇ ಪಿಂಚಣಿದಾರರು ಬಂದರು. ಅವರಿಗೆ ಎರಡು ಪೇಪರ್ ಬೇಕಿತ್ತು, ಒಂದಕ್ಕೇ ಕಿತ್ತಾಡಿ ಸಾಕಾಗಿತ್ತು. ಹೂಂ. ಕ್ಷೌರಿಕನಿಗೆ ಸೆಂಟರಿನ ಗೋಡೆಯ ಮೇಲೆ ಅಂಗಡಿಯ ಬೋರ್ಡು ಬರೆಸಬೇಕಿತ್ತು. ಹೂಂ. ಈ ಜನಕ್ಕೆಲ್ಲ ಇವತ್ತು ಏನಾಗಿದೆ ಎಂದು ಟೈಮ್ ಭಾಯ್‌ಗೆ ಹೊಳೆಯಲೇ ಇಲ್ಲ. ಕನ್ನಡಕವಿಲ್ಲದಿದ್ದರೆ ಬುದ್ಧಿಗೂ ಮಂಜು ಕವಿಯುತ್ತದೋ ಏನೋ.

ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ಕುರ್ಚಿ ಸಿದ್ಧವಾಯಿತು. ಅದನ್ನು ಹೊತ್ತು ಸದ್ದಿಲ್ಲದೆ ಹೊರಟವನು ಬೆನ್ನ ಹಿಂದೆ ಹೆಜ್ಜೆ ಸದ್ದು ಕೇಳಿ ತಿರುಗಿದ. ಕ್ಷೌರಿಕ, ಅರ್ಧ ಗಡ್ಡದವನು, ಪಿಂಚಣಿದಾರರು, ಇಡೀ ಹೊಲಿಗೆ ಕ್ಲಾಸು, ಹಿಂದಿನಿಂದ ಬಡಗಿ. ಮೆರವಣಿಗೆಗೆ ವಾದ್ಯವೊಂದು ಕಡಿಮೆಯಿತ್ತು, ಅಷ್ಟೇ. ಕನ್ನಡಕ ತರಲು ಬೆಳಿಗ್ಗೆ ಹೋದ ಗಂಡನನ್ನು ಹುಡುಕಿಕೊಂಡು ಬೀದಿಗೆ ಬಂದಿದ್ದ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಆಮೇಲೆ ಅವಳೂ ಮೆರವಣಿಗೆಯ ಹಿಂದೆ ನಡೆದಳು.

ಸೆಂಟರಿನ ತುಂಬ ಜನ. ಮೇಷ್ಟ್ರು ಕುರ್ಚಿಯನ್ನು ತಾವೇ ಇಳಿಸಿಕೊಂಡು ಫ್ಯಾನ್ ಕೆಳಗಿಟ್ಟರು.

“ಈ ಸಲಾನೂ ಬಿಟ್ಟುಬಿಡಿ ಅಂತ ಕೇಳೋಣ ಅಂತಿದ್ದೆ,” ಎಂದರು. “ಕೇಳೋದೇ ಬೇಡವಾಯ್ತು. ಕುರ್ಚಿ ತಾನಾಗೇ ಬೀದಿ ಸುತ್ತಿ, ತನಗೆ ಒಪ್ಪಿದವರ ತಲೆ ಮೇಲೆ ಕೂತು ಬಂದಿದೆ.”

ಟೈಮ್ ಭಾಯ್‌ಗೆ ಆಗ ಎಲ್ಲವೂ ಒಟ್ಟಿಗೇ ಹೊಳೆಯಿತು. “ಇಲ್ಲ! ಇಲ್ಲ!” ಎಂದು ಕೂಗಿದ. “ಕುರ್ಚಿ ಮುರಿದೋನು ನಾನು! ಗೊತ್ತಾಗಬಾರದು ಅಂತ ಕದ್ದು ರಿಪೇರಿ ಮಾಡಿಸ್ದೆ!”

ಟೀಚರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಕೇಳಿದ್ರಾ? ಮುರಿದಿದ್ದನ್ನ ಒಪ್ಕೊಂಡು, ರಿಪೇರೀನೂ ಮಾಡಿಸೋ ಅಧ್ಯಕ್ಷರು ಎಲ್ಲಿ ಸಿಗ್ತಾರೆ?”

ಚಪ್ಪಾಳೆಗೆ ಕಿಟಕಿಯ ಗಾಜು ಅದುರಿತು.

ಹೆಂಡತಿ ಬಾಗಿಲಲ್ಲಿ ನಿಂತು ತುಟಿಯಲ್ಲೇ ‘ಊಹೂಂ, ಊಹೂಂ’ ಎಂದು ಹೇಳಿಕೊಡುತ್ತಿದ್ದಳು. ಅವನಿಗೆ ಅವಳ ತುಟಿಯಿರಲಿ, ಅವಳೇ ಕಾಣುತ್ತಿರಲಿಲ್ಲ. ಆದರೂ ಮೊಮ್ಮಗಳನ್ನು ನೆನೆದು, ಎದೆ ಗಟ್ಟಿ ಮಾಡಿಕೊಂಡು ‘ಊ...’ ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಮೇಷ್ಟ್ರು ಜೇಬಿನಿಂದ ಹೊಸ ಕನ್ನಡಕ ತೆಗೆದು ಅವನ ಮೂಗಿಗೇರಿಸಿದರು. “ಈಗ ಸರಿಹೋಯ್ತಾ ಭಾಯ್?”

“ಹೂಂ,” ಎಂದ ಟೈಮ್ ಭಾಯ್.

“ಒಪ್ಪಿದ್ರು!” ಎಂದು ಕ್ಷೌರಿಕ ಕೂಗಿದ. ಅಲ್ಲಿಗೆ ಮುಗಿಯಿತು. ಮೇಷ್ಟ್ರು ಬೀಗದ ಕೈಗೊಂಚಲನ್ನು ಅವನ ಅಂಗೈಗೆ ಹಾಕಿದರು. ನಾಳೆಯಿಂದ ಕಣ್ಣಿನ ಆಪರೇಷನ್ ಶಿಬಿರವಂತೆ, ಅದಾದ ಮೇಲೆ ಮಕ್ಕಳ ಪರೀಕ್ಷೆಯಂತೆ, ಆಮೇಲೆ ಚಾವಣಿ ರಿಪೇರಿಯಂತೆ. ಅಧ್ಯಕ್ಷರು ಒಂದು ದಿನವೂ ಊರು ಬಿಡುವ ಹಾಗಿಲ್ಲವಂತೆ.

ಹೆಂಡತಿ ಬಂದು ಎದುರು ನಿಂತಳು. ಹೊಸ ಕನ್ನಡಕದಲ್ಲಿ ಅವಳ ಸಿಟ್ಟು ಇಂಚಿಂಚೂ ಬಿಡದೆ ಕಾಣಿಸಿತು. “ನಾನು ಹೋಗಿ ಮೊಮ್ಮಗಳನ್ನ ನೋಡ್ಕೋತೀನಿ,” ಎಂದಳು. “ನೀವು ಕುರ್ಚಿ ನೋಡ್ಕೊಳ್ಳಿ.”

ಅವಳು ಹೊರಟುಹೋದಳು. ಟೈಮ್ ಭಾಯ್‌ಗೆ ನಿಜವಾಗಿಯೂ ಅಳು ಬಂತು. ಆ ಪುಟ್ಟ ಕೂಸು ಇನ್ನು ಅಜ್ಜಿಯ ಎದೆಯ ಮೇಲೆಯೇ ಮಲಗಬೇಕು.

ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದು ಬೆನ್ನು ಸವರಿದರು. ಅವರಿಗೆ ಹತ್ತು ವರ್ಷ ವಯಸ್ಸು ಕಡಿಮೆಯಾದಂತಿತ್ತು.

“ಕ್ಷಮಿಸಿಬಿಡಿ ಭಾಯ್. ಹಾಜಿ ಸಾಹೇಬರು ನನ್ನನ್ನೂ ಹೀಗೇ ಫ್ಯಾನ್ ಕೆಳಗೆ ಕೂರಿಸಿದ್ರು. ಕಟಕ್ ಅಂತು. ನಾನೂ ಹೀಗೇ ಹೆದರಿ ಬಡಗಿ ಹತ್ರ ಹೊತ್ಕೊಂಡು ಹೋದೆ. ಸಂಜೆಗೆ ಅಧ್ಯಕ್ಷ ಆಗಿದ್ದೆ. ಈ ಕುರ್ಚಿ ಬಿಡೋಕೆ ಬೇರೆ ದಾರಿ ಇಲ್ಲ. ಅದು ಇನ್ನೊಬ್ಬರ ಕೆಳಗೆ ಮುರೀಬೇಕು.”

ಟೈಮ್ ಭಾಯ್ ತಿರುಗಿ ಫ್ಯಾನ್ ಕೆಳಗಿದ್ದ ಕುರ್ಚಿಯನ್ನು ನೋಡಿದ.

“ಎದೆಗುಂದಬೇಡಿ,” ಎಂದರು ಮೇಷ್ಟ್ರು, ದನಿ ತಗ್ಗಿಸಿ. “ಗುಟ್ಟು ಹೇಳ್ತೀನಿ. ಆ ಹಿಂದಿನ ಕಾಲು ಸಡಿಲ. ಒಂದು ವಾರ ನೀವು ಹುಷಾರಾಗಿ ಬಲಗಡೆಗೆ ವಾಲಿ ಕೂತ್ಕೊಳ್ಳಿ. ಯಾರಾದ್ರೂ ಪಾಪದವರು ಬಂದ್ರೆ ಎದ್ದು ಜಾಗ ಕೊಡಿ. ಮುಂದಿನ ರೈಲಿಗೇ ಮೊಮ್ಮಗಳ ಹತ್ರ ಹೋಗ್ಬಹುದು.”

ಟೈಮ್ ಭಾಯ್‌ನ ಮುಖ ಅರಳಿತು. ಅರಳಿದ್ದು ಹಾಗೆಯೇ ಬಾಡಿತು. ಗುಂಪನ್ನು ಸೀಳಿಕೊಂಡು ಬಡಗಿ ಬರುತ್ತಿದ್ದ, ಹಲ್ಲೆಲ್ಲ ಕಾಣುವಂತೆ ನಗುತ್ತಾ.

“ಕೂತು ನೋಡಿ ಅಧ್ಯಕ್ಷರೇ! ನೀವು ಹೇಳಿದ ಹಾಗೇ ಮಾಡಿದೀನಿ. ಒಂದು ಕಾಲಿಗಲ್ಲ, ನಾಲ್ಕಕ್ಕೂ ಕಾಣದ ಹಾಗೆ ಒಳಗಡೆಯಿಂದ ಕಬ್ಬಿಣದ ಪಟ್ಟಿ ಹೊಡೆದಿದೀನಿ. ನೀವಿರೋವರೆಗೂ ಮುರಿಯೋ ಮಾತೇ ಇಲ್ಲ!”

ಮೇಷ್ಟ್ರು ಟೈಮ್ ಭಾಯ್‌ನನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ತಿರುಗಿ ನೋಡದೆ ಮನೆಗೆ ಓಡಿದರು. ಟೈಮ್ ಭಾಯ್ ಹೋಗಿ, ಕಣ್ಣು ಮುಚ್ಚಿ, ಇದ್ದ ಭಾರವನ್ನೆಲ್ಲ ಹಾಕಿ ಧೊಪ್ಪನೆ ಕುರ್ಚಿಯಲ್ಲಿ ಕುಕ್ಕರಿಸಿದ.

ಅದು ಕಿರ್ ಎನ್ನಲೂ ಇಲ್ಲ.