ಆರು ಗಾಲಿಯ ಗುರಣ್ಣ ಎರಡು ಗಾಲಿ ಏರಿದ್ದು

ಮಗಳ ತೊಟ್ಟಿಲ ಕಾರ್ಯಕ್ಕೆ ಬಂದೇ ಬರುತ್ತೇನೆಂದು ಗುರಣ್ಣ ಹಿಂದುಮುಂದು ನೋಡದೆ ಒಪ್ಪಿಕೊಂಡದ್ದೇ ಎಲ್ಲದಕ್ಕೂ ಮೂಲವಾಯಿತು.

ಲಾಕ್‌ಡೌನ್ ಶುರುವಾಗಿ ಬಸ್ಸುಗಳೆಲ್ಲ ಡಿಪೋ ಸೇರಿ ಎರಡು ತಿಂಗಳಾಗುತ್ತ ಬಂದಿತ್ತು. ಯಾದಗಿರಿಯಿಂದ ಹೊರಟು ಶಹಾಪುರ, ಸುರಪುರ ದಾಟಿ ದೇವಾಪುರದವರೆಗೆ ದಿನಾ ಬಸ್ಸು ಓಡಿಸುತ್ತಿದ್ದ ಡ್ರೈವರ್ ಗುರಣ್ಣ, ಸುರಪುರದ ರಂಗಂಪೇಟೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಅನ್ನ ಬೇಯಿಸಿಕೊಂಡು ಕೂತಿದ್ದ. ಬಾಣಂತನಕ್ಕೆಂದು ದೇವಾಪುರದ ತವರಿಗೆ ಹೋದ ಹೆಂಡತಿ ಸುಮಲತಾ ಅಲ್ಲೇ ಉಳಿದಿದ್ದಳು. ಹುಟ್ಟಿದ ಮಗಳನ್ನು ಅವನು ಕಂಡದ್ದು ಫೋನಿನಲ್ಲಿ, ಅದೂ ನೆಟ್‌ವರ್ಕ್ ಸಿಕ್ಕಷ್ಟು. ಒಮ್ಮೆ ಮೂಗು ಕಂಡರೆ ಇನ್ನೊಮ್ಮೆ ಕಿವಿ. ಇಡೀ ಮಗು ಒಂದೇ ಸಲಕ್ಕೆ ಕಂಡಿರಲಿಲ್ಲ.

ಹಿಂದಿನ ಸಂಜೆ ಅತ್ತೆ ಮರಿಲಿಂಗಮ್ಮ ಫೋನ್ ಮಾಡಿದ್ದಳು.

“ನಾಳಿ ಮಧ್ಯಾಹ್ನ ಕೂಸಿಗಿ ತೊಟ್ಟಿಲದಾಗ ಹಾಕತೀವ್ರಿ. ಮನಿ ಮಂದಿ ಅಷ್ಟ. ಊರಿಗೆಲ್ಲ ಬಸ್ ಹೊಡಿಯಾವ್ರು ನೀವು, ಸ್ವಂತ ಮಗಳ ಹಂತ್ಯಾಕ ಬರಾಕ ನಿಮಗ ದಾರಿ ಸಿಗವಲ್ದೇನ್ರಿ?”

“ಬರ್ತೀನ್ರಿ ಅತ್ತಿ, ಯಾಕ ಬರಂಗಿಲ್ಲ” ಎಂದು ಹೇಳಿ ಫೋನ್ ಇಟ್ಟ ಮೇಲೆ ಗುರಣ್ಣನಿಗೆ ತನ್ನ ಹಳೆಯ ಕಾರು ಪೊಲೀಸ್ ಠಾಣೆಯ ಅಂಗಳದಲ್ಲಿರುವುದು ನೆನಪಾಯಿತು. ಖಾಲಿ ರಸ್ತೆ ಹೇಗಿರುತ್ತದೆ ನೋಡಿಬರೋಣವೆಂದು ಹೋಗಿ, ಪೊಲೀಸರಿಗೆ ಗಾಡಿ ಕೊಟ್ಟು ನಡೆದು ಬಂದವನು ಅವನು. ದೇವಾಪುರಕ್ಕೂ ನಡೆದೇ ಹೋಗೋಣವೆಂದರೆ, ಡ್ರೈವರ್ ಕೆಲಸಕ್ಕೆ ಸೇರಿದ ಮೇಲೆ ಅವನ ಕಾಲುಗಳು ಬಸ್‌ಸ್ಟ್ಯಾಂಡಿನ ಹೋಟೆಲಿನಿಂದಾಚೆಗೆ ನಡೆದದ್ದೇ ಇಲ್ಲ. ಮೇಲೆ ಮೇ ತಿಂಗಳ ಬಿಸಿಲು.

ಬೆಳಗಿನ ಜಾವಕ್ಕೇ ಪಕ್ಕದ ಮನೆಯ ಲಾಡ್ಲೇಸಾಬನ ಬಾಗಿಲು ಬಡಿದ. ಲಾಡ್ಲೇಸಾಬನದು ಸೈಕಲ್ ರಿಪೇರಿ ಅಂಗಡಿ.

“ಸೈಕಲ್ ಕೊಡತೀನಿ, ತುಳ್ಕೊಂತ ಹೋಗು” ಎಂದ ಲಾಡ್ಲೇಸಾಬ. “ರಸ್ತಾ ಖಾಲಿ ಅದ. ಬಾದಶಾಹನಂಗ ಹೋಗತಿ.”

ಗುರಣ್ಣ ಆಚೀಚೆ ನೋಡಿ ದನಿ ತಗ್ಗಿಸಿದ. “ನನಗ ಸೈಕಲ್ ಬರಂಗಿಲ್ಲ ಚಾಚಾ.”

ಲಾಡ್ಲೇಸಾಬನ ದನಿ ತಗ್ಗಲಿಲ್ಲ. “ಏನಂದಿ? ಅಷ್ಟು ದೊಡ್ಡ ಬಸ್ ಹೊಡಿತಿ, ಸೈಕಲ್ ಬರಂಗಿಲ್ಲ?”

ಎರಡು ತಿಂಗಳಿನಿಂದ ಮಾತಿಗೆ ಹೊಸ ವಿಷಯವಿಲ್ಲದೆ ಒಣಗಿದ್ದ ಓಣಿಗೆ ಅಷ್ಟು ಸಾಕಾಯಿತು. ಒಂದೊಂದೇ ಬಾಗಿಲು ತೆರೆಯಿತು. ಎದುರು ಮನೆಯ ಶೇಖಮ್ಮ ಬಾಯಿಗೆ ಸೆರಗು ಕಟ್ಟಿಕೊಂಡು ಕಟ್ಟೆಯ ಮೇಲೆ ಬಂದು ಕುಳಿತಳು. ಗುರಣ್ಣ ನಾಚಿಕೆಯಿಂದಲೇ ವಿವರಿಸಿದ. ಚಿಕ್ಕಂದಿನಲ್ಲಿ ಮನೆಯಲ್ಲಿ ಸೈಕಲ್ ಇರಲಿಲ್ಲ, ಮೀಸೆ ಮೂಡುವ ಮೊದಲೇ ಲಾರಿಯ ಕ್ಲೀನರ್ ಆದ. ಹೀಗೆ ನಡಿಗೆಯಿಂದ ನೇರ ಆರು ಗಾಲಿಗೆ ಏರಿದವನಿಗೆ ನಡುವಿನ ಎರಡು ಗಾಲಿ ತಪ್ಪಿಹೋಗಿತ್ತು.

“ಅದಕ್ಕೇನಾತು, ಬಸ್ ಬಂದ್ರ ಎಲ್ಲ ಬಂದಂಗ. ಸ್ಟೇರಿಂಗ್ ಅದ, ಬ್ರೇಕ್ ಅದ” ಎಂದಳು ಶೇಖಮ್ಮ. ಅವಳು ಎರಡನ್ನೂ ಓಡಿಸಿದವಳಲ್ಲ.

ಲಾಡ್ಲೇಸಾಬ ಅಂಗಡಿಯ ಎತ್ತರದ ಕರಿ ಸೈಕಲ್ ತಂದ. ಗುರಣ್ಣ ಹತ್ತಿದ, ಬಿದ್ದ. ಮತ್ತೆ ಹತ್ತಿದ, ಈ ಸಲ ಶೇಖಮ್ಮನ ಕಟ್ಟೆಗೆ ಬಡಿದು ಬಿದ್ದ. ಎಡಗಾಲು ಕ್ಲಚ್ ಹುಡುಕುತ್ತಿತ್ತು, ಕಣ್ಣು ಕನ್ನಡಿ ಹುಡುಕುತ್ತಿತ್ತು. ಎಡಕ್ಕೆ ವಾಲು ಎಂದು ಒಬ್ಬರು, ಬಲಕ್ಕೆ ವಾಲು ಎಂದು ಇನ್ನೊಬ್ಬರು ಹೇಳುತ್ತಿದ್ದರು. ಅವನು ಇಬ್ಬರ ಮಾತನ್ನೂ ನಡೆಸಿಕೊಟ್ಟ.

ಆಗ ಲಾಡ್ಲೇಸಾಬನ ಹೆಂಡತಿ ಖಾಸಿಂಬೀ ಒಳಗಿನಿಂದ ಮೊಮ್ಮಗಳು ಗುಡ್ಡಿಯ ಸೈಕಲ್ ನೂಕಿಕೊಂಡು ಬಂದಳು. ಗುಲಾಬಿ ಬಣ್ಣದ್ದು, ಮುಂದೆ ಸಣ್ಣ ಬುಟ್ಟಿ ಇತ್ತು. “ಇದು ಗಿಡ್ಡ ಅದ ಬೇಟಾ. ಹೆದರಿಕಿ ಆದ್ರ ಕಾಲು ನೆಲಕ್ಕ ಸಿಗತಾವ. ಮೊದಲ ನಾ ತೋರಸ್ತೀನಿ” ಎಂದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಿ ಕೂತು, ಓಣಿಯ ತುದಿಯವರೆಗೆ ಹೋಗಿ, ಅಲ್ಲಿ ತಿರುಗಿಸಿಕೊಂಡು ಬಂದು ಎಲ್ಲರ ನಡುವೆ ನಿಲ್ಲಿಸಿದಳು. ಐವತ್ತು ದಾಟಿದ ಹೆಂಗಸು. ಕುಂಕುಮ ತುಂಬಿದ ತಟ್ಟೆಯನ್ನು ಅಲುಗಿಸದೆ ಎತ್ತಿಕೊಂಡು ಬಂದಷ್ಟು ನಯವಾಗಿ ಬಂದಿದ್ದಳು.

ಎಲ್ಲರಿಗಿಂತ ಹೆಚ್ಚು ಬೆರಗಾದವನು ಲಾಡ್ಲೇಸಾಬ. “ನೀ ಯಾವಾಗ ಕಲ್ತಿ?”

“ನೀವು ಮಲಗಿದ್ದಾಗ” ಎಂದಳು ಖಾಸಿಂಬೀ. “ಸಣ್ಣಾಕಿ ಇದ್ದಾಗಿಂದ ಆಸೆ ಇತ್ತು. ರಸ್ತಾದಾಗ ಮಂದಿ ನೋಡತಾರಂತ ಬಿಟ್ಟಿದ್ದೆ. ಈಗ ನಸುಕಿನ್ಯಾಗ ಗಾಡಿನೂ ಇಲ್ಲ, ಮಂದಿನೂ ಇಲ್ಲ. ಯಾರಿಗಿ ನಾಚಬೇಕು?”

ಜೀವಮಾನವಿಡೀ ಊರಿನ ಸೈಕಲ್ ರಿಪೇರಿ ಮಾಡಿದ ಲಾಡ್ಲೇಸಾಬ ಹೆಂಡತಿಯನ್ನು ಹೊಸಬಳನ್ನು ನೋಡುವಂತೆ ನೋಡುತ್ತ ನಿಂತ. ಖಾಸಿಂಬೀ ಗುರಣ್ಣನ ಹಿಂದೆ ಕ್ಯಾರಿಯರ್ ಹಿಡಿದು ಓಡಿದಳು. “ಗಾಲಿ ನೋಡಬ್ಯಾಡ, ದೂರ ನೋಡು. ನಾ ಹಿಡಿದೀನಿ” ಎಂದು ಹೇಳುತ್ತಲೇ ಇದ್ದಳು. ಗುರಣ್ಣ ಓಣಿಯ ತುದಿ ಮುಟ್ಟಿ ಹಿಂತಿರುಗಿ ನೋಡಿದಾಗ ಅವಳು ಎಷ್ಟೋ ಹಿಂದೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ನೋಡಿದ ಕೂಡಲೇ ಅವನು ಬಿದ್ದ. ಆದರೆ ಕಲಿತಾಗಿತ್ತು.

ಖಾಸಿಂಬೀಯೇ ಹೊಲಿದ ಕೂಸಿನ ಕುಂಚಿಗೆ ಟೊಪ್ಪಿಗೆಯನ್ನು ಬುಟ್ಟಿಯಲ್ಲಿಟ್ಟು ಓಣಿಯೆಲ್ಲ ಸೇರಿ ಅವನನ್ನು ಕಳಿಸಿಕೊಟ್ಟಿತು. ದಪ್ಪ ಮೀಸೆ, ಅದರ ಮೇಲೆ ಮಾಸ್ಕು, ಕೆಳಗೆ ಗುಲಾಬಿ ಸೈಕಲ್. ಮದುವೆಯ ದಿನವೂ ಅವನನ್ನು ಇಷ್ಟು ಜನ ಇಷ್ಟು ಸಂತೋಷದಿಂದ ನೋಡಿರಲಿಲ್ಲ.

ಊರು ದಾಟುತ್ತಿದ್ದಂತೆ ಗುರಣ್ಣನಿಗೆ ಬೇರೆಯೇ ಲೋಕಕ್ಕೆ ಬಂದಂತಾಯಿತು. ವರ್ಷಗಟ್ಟಲೆ ಓಡಾಡಿದ ರಸ್ತೆ. ಆದರೂ ರಸ್ತೆಯ ಪಕ್ಕದಲ್ಲಿ ಬೇವಿನ ಮರಗಳಿವೆಯೆಂದು, ಅವು ಹೂ ಬಿಟ್ಟರೆ ವಾಸನೆ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಇಂಜಿನ್ನಿನ ಸದ್ದಿನಲ್ಲಿ ಕೇಳಿಸದ ಕಾಲುವೆಯ ನೀರು ಕೇಳಿಸುತ್ತಿತ್ತು. ನಡುರಸ್ತೆಯಲ್ಲಿ ನಾಯಿಗಳು ಕಾಲು ಚಾಚಿ ಮಲಗಿದ್ದವು. ನವಿಲೊಂದು ಡಾಂಬರು ದಾಟಲು ಅವಸರವನ್ನೇ ಮಾಡಲಿಲ್ಲ. ಅವನು ಅಭ್ಯಾಸಬಲದಿಂದ ರಸ್ತೆಯ ನಡುವೆಯೇ ಹೋದ. ಅಭ್ಯಾಸಬಲದಿಂದಲೇ ಪ್ರತಿ ಸ್ಟಾಪಿನಲ್ಲೂ ನಿಂತ. ಒಂದು ಸ್ಟಾಪಿನಲ್ಲಿ ಬೇವಿನ ನೆರಳಿಗೆ ಕೂತಿದ್ದ ಮುದುಕಿ ಮೇಲಿಂದ ಕೆಳಗೆ ನೋಡಿ, “ಯಪ್ಪಾ, ಇದರಾಗ ನಾ ಎಲ್ಲಿ ಕುಂಡ್ರಲಿ?” ಎಂದಳು.

ಮುಂದೆ ರಸ್ತೆಯ ಅರ್ಧದಷ್ಟು ಭತ್ತ ಒಣಹಾಕಿದ್ದರು. ಗುರಣ್ಣನ ಬಲಗೈ ಹಾರನ್ ಹುಡುಕಿತು. ಸಿಕ್ಕಿದ್ದು ಗುಡ್ಡಿಯ ಗಂಟೆ. ಅದು ಕಿಣ್ ಎನ್ನುವಷ್ಟರಲ್ಲಿ ಮುಂದಿನ ಗಾಲಿ ಭತ್ತಕ್ಕೆ ಇಳಿದು, ಅವನು ಕಾಳುಗಳ ಮೇಲೆ ಉದ್ದಕ್ಕೆ ಜಾರಿದ. ಕಾಯುತ್ತ ಕುಳಿತಿದ್ದ ಹೆಂಗಸು ಎದ್ದು ಬಂದು, ಪೆಟ್ಟಾಯಿತೇ ಎಂದು ಕೇಳಿ, ಇಲ್ಲವೆಂದ ಮೇಲೆ ಅವನ ಕೈಗೆ ಹಲಗೆ ಕೊಟ್ಟಳು. ಚೆದುರಿದ ಭತ್ತವನ್ನೆಲ್ಲ ಮತ್ತೆ ಒಂದೇ ಸಮನೆ ಹರಡಿಕೊಟ್ಟು ಅವನು ಹೊರಟಾಗ ಬಿಸಿಲು ನೆತ್ತಿಗೆ ಹತ್ತುತ್ತಿತ್ತು.

ಸ್ವಲ್ಪ ದೂರದಲ್ಲೇ ಹಿಂದಿನಿಂದ ಒಂದು ಸದ್ದು ಬಂತು. ಏನೆಂದು ತಿಳಿಯುವಷ್ಟರಲ್ಲಿ ಬಿಳಿಯ ಕಾರೊಂದು ಬಾಣದಂತೆ ಅವನ ಮೊಣಕೈ ಸವರಿ ಹೋಯಿತು. ಖಾಲಿ ರಸ್ತೆ ಸಿಕ್ಕಿದೆಯೆಂದು ಆ ಪುಣ್ಯಾತ್ಮ ಕಾಲನ್ನು ಎಕ್ಸಲರೇಟರ್ ಮೇಲಿಟ್ಟು ಮರೆತಿದ್ದ. ಗುರಣ್ಣ ಸೈಕಲ್ ಸಮೇತ ತಗ್ಗಿಗೆ ಇಳಿದ. ಜೇಬಿನ ಫೋನು ಕಲ್ಲಿಗೆ ಬಡಿದು ಕಣ್ಣು ಮುಚ್ಚಿತು.

“ಇಡೀ ರಸ್ತಾ ಇವನಪ್ಪಂದೇನು?” ಎಂದು ಅವನು ತಗ್ಗಿನಿಂದಲೇ ಕೂಗಿದ. ಇದೇ ಮಾತನ್ನು ಅವನು ಬಸ್ಸಿನ ಕಿಟಕಿಯಿಂದ ಸೈಕಲ್‌ನವರಿಗೆ ಎಷ್ಟೋ ಸಲ ಹೇಳಿದ್ದ.

ಹಿಂದೆಯೇ ಬಂದ ಸುಲ್ತಾನಸಾಬ ಎಂಬವನು ಸೈಕಲ್ ನಿಲ್ಲಿಸಿ ಅವನನ್ನು ಎಳೆದು ನಿಲ್ಲಿಸಿದ. ಹಳ್ಳಿಯಿಂದ ಹಳ್ಳಿಗೆ ಮೊಟ್ಟೆ ಮಾರುವ ಮುದುಕ. ಕ್ಯಾರಿಯರ್ ಮೇಲೆ ಎದೆಯೆತ್ತರ ಮೊಟ್ಟೆಯ ಟ್ರೇಗಳು.

“ಬಾಜೂಕ ಹೋಗಬೇಕ್ರಿ ತಮ್ಮ. ರಸ್ತಾ ಖಾಲಿ ಅದಂತ ನಡುವ ಹೋದ್ರ ಹಿಂಗ. ಮುಂಚೆ ಗಾಡಿ ಬಹಳ ಇದ್ವು, ಮೆಲ್ಲಕ ಬರತಿದ್ವು. ಈಗ ಒಂದ ಬರತದ, ಆದರ ಹಾರಿ ಬರತದ.”

ಇಬ್ಬರೂ ಜೊತೆಯಾಗಿ ತುಳಿದರು. ಮಗಳ ತೊಟ್ಟಿಲ ಕಾರ್ಯಕ್ಕೆ ಹೊರಟಿದ್ದೇನೆಂದು ಗುರಣ್ಣ ಹೇಳಿಕೊಂಡ. ಏರಿನಲ್ಲಿ ಗುರಣ್ಣನ ಉಸಿರು ಕಟ್ಟಿತು. ಸುಲ್ತಾನಸಾಬ ಅಷ್ಟು ಭಾರ ಹೊತ್ತು ಮಾತಾಡುತ್ತಲೇ ಹತ್ತಿದ. ಕುಣಿಗಳನ್ನು ಬಳಸಿ ಹೋಗುವಾಗ ಒಂದು ಟ್ರೇಯೂ ಅಲುಗಲಿಲ್ಲ. ಬಸ್ಸಿನ ಮೇಲಿನಿಂದ ಇಂಥವರನ್ನು ನೋಡಿದಾಗ ಅಡ್ಡ ಬರುವ ವಸ್ತುಗಳಂತೆ ಕಾಣುತ್ತಿದ್ದರು. ಪಕ್ಕದಿಂದ ನೋಡಿದರೆ ಇದೊಂದು ವಿದ್ಯೆ ಎಂದು ಗುರಣ್ಣನಿಗೆ ಅನ್ನಿಸಿತು.

“ಹಿಂದಿನಿಂದ ಬಸ್ ಬಂದ್ರ ಹೆದರಿಕಿ ಆಗಂಗಿಲ್ಲೇನ್ರಿ ಸಾಬರ?” ಎಂದು ಕೇಳಿದ.

“ಒಬ್ಬ ಡ್ರೈವರ್ ಇದ್ದಾನ್ರಿ, ದೇವಾಪುರ ಬಸ್ಸಿಂದು. ಕಿವಿ ಹಂತ್ಯಾಕ ಬಂದು ಹಾರನ್ ಹೊಡಿತಾನ. ನಾ ಎರಡು ಸಲ ಮೊಟ್ಟಿ ಸಮೇತ ಬಿದ್ದೀನಿ.”

ಗುರಣ್ಣ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡ. “ಬಹಳ ಕೆಟ್ಟವ ಇರಬೇಕು.”

“ಛೇ, ಕೆಟ್ಟವ ಅಲ್ರಿ. ಒಂದ ಸಲ ದೊಡ್ಡ ಮಳಿ. ನನ್ನ ನೋಡಿ ಬಸ್ ನಿಲ್ಲಿಸ್ದ. ಸೈಕಲ್ ತಾನ ಟಾಪಿಗೇರಿಸಿ, ಟ್ರೇ ತನ್ನ ಹಂತ್ಯಾಕ ಇಟ್ಕೊಂಡ. ಆ ಕುಣಿ ರಸ್ತಾದಾಗ ಒಂದ ಮೊಟ್ಟಿ ಒಡಿಲಿಲ್ಲ ನೋಡ್ರಿ. ಅಂಥ ಕೈ ಅವಂದು. ಹಾರನ್ ಒಂದು ಕಡಿಮಿ ಮಾಡಿದ್ರ ಸಾಕು.”

ಕವಲು ದಾರಿಯಲ್ಲಿ ಮುದುಕ ಹಳ್ಳಿಯ ಕಡೆಗೆ ತಿರುಗಿಕೊಂಡು, “ಬರ್ತೀನ್ರಿ ಡ್ರೈವರ್ ಸಾಹೇಬ್ರ. ಕೂಸಿಗಿ ದುವಾ ಮಾಡತೀನಿ” ಎಂದು ಹೊರಟೇಹೋದ.

ದೇವಾಪುರ ಮುಟ್ಟಿದಾಗ ಮಧ್ಯಾಹ್ನ ಮೀರಿತ್ತು. ಮೈತುಂಬ ಧೂಳು, ಮೀಸೆಯಲ್ಲಿ ಭತ್ತದ ಹೊಟ್ಟು. ಆದರೆ ಗುರಣ್ಣ ಕೊನೆಯ ತಿರುವಿನಲ್ಲಿ ಇಳಿಯಲಿಲ್ಲ. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು, ಮತ್ತೊಂದು ಕೈಯಲ್ಲಿ ಕುಂಚಿಗೆ ಎತ್ತಿಕೊಂಡು ಅತ್ತೆಯ ಮನೆ ಮುಂದೆ ಬಂದು ನಿಂತ. ಅಂಗಳದಲ್ಲಿದ್ದ ಮರಿಲಿಂಗಮ್ಮ ಗುಲಾಬಿ ಸೈಕಲ್ಲನ್ನೂ ಅಳಿಯನನ್ನೂ ಬಹಳ ಹೊತ್ತು ನೋಡಿದಳು.

“ನಿಮಗ ಫೋನ್ ಹಚ್ಚಿ ಹಚ್ಚಿ ಸಾಕಾತು. ಬಂದ್ ಬರಾಕತ್ತದ. ತೊಟ್ಟಿಲ ಕಾರ್ಯ ನಾಳಿಗಿ ಹಾಕೀವ್ರಿ.”

“ಯಾಕ್ರಿ ಅತ್ತಿ?”

“ಟೀವಿದಾಗ ಹೇಳಿದ್ರು, ನಾಳಿಂದ ಬಸ್ ಬಿಡತಾರಂತ. ಪಾಪ, ನೀವು ಯಾಕ ತ್ರಾಸ ತಗೋಬೇಕು, ಆರಾಮ ಬಸ್ಸಿನ್ಯಾಗ ಕುಂತು ಬರ್ರಿ ಅಂತ ಮುಂದ ಹಾಕಿದ್ವಿ.”

ಗುರಣ್ಣ ಕಟ್ಟೆಯ ಮೇಲೆ ಕೂತುಬಿಟ್ಟ. ಸುಮಲತಾ ಬಾಗಿಲಿಗೆ ಬಂದಳು. ಗಂಡನ ಅವತಾರ ನೋಡಿ ಮೊದಲು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡಳು. “ನಿಮಗ ಸೈಕಲ್ ಬರತಿದ್ದಿಲ್ಲಲ್ಲ?”

“ಮುಂಜಾನಿ ತನಕ ಬರತಿದ್ದಿಲ್ಲ.”

ಅವಳು ಅವನನ್ನು ನೋಡಿದ ರೀತಿಗೆ ಬಂದ ದಾರಿಯ ನೋವೆಲ್ಲ ಇಳಿಯಿತು. ಸೋಪು ಹಚ್ಚಿ ಮೈತೊಳೆದು, ಮಾವನ ಧೋತರ ಉಟ್ಟು ಬಂದ ಮೇಲೆಯೇ ಮರಿಲಿಂಗಮ್ಮ ಕೂಸನ್ನು ಅವನ ತೊಡೆಗೆ ಕೊಟ್ಟಳು. ಮೂಗು, ಕಿವಿ, ಕಣ್ಣು ಎಲ್ಲ ಒಂದೇ ಕಡೆ ಇದ್ದವು. ಗುರಣ್ಣ ಉಸಿರಾಡಲೂ ಹೆದರಿ ಕುಳಿತ.

ಆಗ ಸುಮಲತಾಳ ಫೋನು ರಿಂಗಾಯಿತು. ಡಿಪೋದ ಕಂಟ್ರೋಲರ್ ವಿಶ್ವರಾಧ್ಯ. ಅವನ ದನಿ ಅಂಗಳದವರೆಗೂ ಕೇಳುತ್ತಿತ್ತು.

“ಗುರಣ್ಣ, ಫೋನ್ ಯಾಕ ಬಂದ್ ಮಾಡಿಯೋ? ನಾಳಿ ಮುಂಜಾನಿ ಮೊದಲ ಗಾಡಿ ನಿಂದ. ಇವತ್ತ ಸಂಜಿ ಒಳಗ ಸುರಪುರ ಡಿಪೋಕ್ಕ ಬಂದು ಆರೋಗ್ಯ ತಪಾಸಣಿ ಮಾಡಿಸ್ಕೋಬೇಕು. ಬರಲಿಲ್ಲಂದ್ರ ಡ್ಯೂಟಿ ಇಲ್ಲ.”

“ಯಾವ ರೂಟ್ರಿ ಸರ್?”

“ಮತ್ಯಾವ್ದು? ದೇವಾಪುರ. ಮಂದಿ ಬಿಡೋದು, ಗಾಡಿ ಹೊಳ್ಳಿಸೋದು, ಬರೋದು. ಮಂದಿ ಬಹಳ ಕಾಯಾಕತ್ತಾರ, ಎಲ್ಲೂ ಹೊತ್ತು ಹಾಕಬ್ಯಾಡ.”

ಗುರಣ್ಣ ಕೂಸನ್ನು ನಿಧಾನವಾಗಿ ಹೆಂಡತಿಯ ಕೈಗೆ ಕೊಟ್ಟು, ಧೋತರ ಬಿಚ್ಚಿ ಮತ್ತೆ ಧೂಳಿನ ಪ್ಯಾಂಟು ಹಾಕಿಕೊಂಡ. ಎರಡು ತುತ್ತು ರೊಟ್ಟಿ ತಿಂದು, ಇಳಿಬಿಸಿಲಿನಲ್ಲಿ ಸೈಕಲ್ಲಿನ ಮೂತಿಯನ್ನು ಸುರಪುರದ ಕಡೆಗೆ ತಿರುಗಿಸಿದ. ಬರುವಾಗ ಇಳಿಜಾರಾಗಿದ್ದುದೆಲ್ಲ ಈಗ ಏರು.

“ನಾಳಿ ಬಸ್ ಇಲ್ಲಿ ಎಷ್ಟೊತ್ತು ನಿಂದ್ರತದ್ರಿ?” ಎಂದಳು ಸುಮಲತಾ.

“ಮಂದಿ ಇಳಿದು ಹತ್ತಾತನ.”

“ಅಷ್ಟರಾಗ ಮುಗಿಸೂಣು. ತೊಟ್ಟಿಲ ಬಸ್‌ಸ್ಟ್ಯಾಂಡಿಗೇ ತರ್ತೀವಿ.”

ಗುರಣ್ಣನ ಎದೆ ಹಗುರಾಯಿತು. ಅವನು ಪೆಡಲ್ ತುಳಿದು, ವಾಲಾಡಿ, ಸರಿಯಾಗಿ, ರಸ್ತೆಯ ಎಡಬದಿ ಹಿಡಿದು ಹೊರಟ. ಹಿಂದಿನಿಂದ ಮರಿಲಿಂಗಮ್ಮ ಕೂಗಿದಳು.

“ಅಳಿಯಂದಿರ, ನಾಳಿ ಸುರಪುರ ಸ್ಟ್ಯಾಂಡಿನ್ಯಾಗ ನಮ್ಮ ಬೀಗರೆಲ್ಲ ಬುತ್ತಿ ಕಟ್ಕೊಂಡು ನಿಂತಿರತಾರ. ಮುಂದಿನ ಸೀಟ ಹಿಡದಿಟ್ಟಿರ್ರಿ. ಇಷ್ಟು ಸೈಕಲ್ ತುಳಿದ ಮ್ಯಾಲ ನಿಮಗ ಕುಂಡ್ರಾಕ ಆಗಂಗಿಲ್ಲ, ನೀವು ಹೆಂಗೂ ನಿಂತ್ಕೊಂಡ ಬರ್ತೀರಿ.”