ಬಿಟ್‌ಕಾಯಿನ್ ಮಷಿನ್ನಿಗೆ ದಿನಕ್ಕೆ ಆರು ಕೊಡ

ತವರುಮನೆಯಿಂದ ಬಂದದ್ದು ಯಾವುದೇ ಇರಲಿ, ಅದನ್ನು ಬೇಡ ಅನ್ನುವ ಶಕ್ತಿಯನ್ನು ದೇವರು ನನಗೆ ಕೊಟ್ಟಿಲ್ಲ. ಹಿಡಿ ಮುರಿದ ಬಾಣಲೆ ಬಂದರೂ ಸರಿ, ಕಣ್ಣಿಗೊತ್ತಿಕೊಂಡು ಒಳಗಿಡುತ್ತೇನೆ. "ನಿಮ್ಮ ಹೊನ್ನಾಳಿಯಿಂದ ಇಟ್ಟಿಗೆ ತಂದುಕೊಟ್ರೂ ದೇವರ ಮನೇಲಿ ಇಡ್ತೀಯ ಬಿಡು" ಎಂದು ಯಜಮಾನರು ಅಣಕಿಸುತ್ತಾರೆ. ಅವರು ಬಸ್ ಕಂಡಕ್ಟರು. ದಿನಾ ಚನ್ನಗಿರಿಗೆ ಹೋಗಿಬರುವಷ್ಟರಲ್ಲಿ ಬಸ್ಸಿನ ತುಂಬ ಜನರ ಹತ್ತಿರ ಬೈಸಿಕೊಂಡಿರುತ್ತಾರೆ. ಮನೆಯಲ್ಲಾದರೂ ಅಣಕಿಸಿಕೊಳ್ಳಲಿ ಅಂತ ಸುಮ್ಮನಿರುತ್ತೇನೆ.

ಈ ಬೇಸಿಗೆಯಲ್ಲಿ ತವರಿನಿಂದ ಬಂದದ್ದು ಒಂದು ಮಷಿನ್ನು. ಎರಡು ಬೂಟಿನ ಡಬ್ಬ ಜೋಡಿಸಿದಷ್ಟು ಗಾತ್ರ. ನನ್ನ ತಮ್ಮ ಮಂಜು ಅದನ್ನು ಕೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿ ಜಗಳೂರಿಗೆ ತಂದ. ಅದರ ಗಲಾಟೆ ತಾಳಲಾರದೆ ಅವನ ಹೆಂಡತಿ "ಅದು ಇರಬೇಕು, ಇಲ್ಲಾ ನಾನು ಇರಬೇಕು" ಅಂದಿದ್ದಳಂತೆ. ಅವನೂ ಎರಡು ದಿನ ಯೋಚನೆ ಮಾಡಿಯೇ ತಂದದ್ದು.

"ಅಕ್ಕಾ, ಇದು ಬಿಟ್‌ಕಾಯಿನ್ ಮೈನಿಂಗ್ ಮಷಿನ್ನು, ಅಂದ್ರೆ ಗಣಿ ಇದ್ದಂಗೆ. ನಿಮ್ಮ ಮನೆ ಮೇಲೆ ಸೋಲಾರ್ ಐತೆ. ಜಗಳೂರು ಬಿಸಿಲು ಸುಮ್ನೆ ಹಾಳಾಗ್ತೈತೆ. ಅದರಾಗೆ ಓಡಿಸಿದ್ರೆ ಪರಿಸರಕ್ಕೂ ತೊಂದ್ರೆ ಇಲ್ಲ" ಎಂದ. ನಮ್ಮೂರಿನ ಬಿಸಿಲನ್ನು ಹೊಗಳಿದ ಮೊದಲನೆಯ ಮನುಷ್ಯ ಅವನೇ. ನನಗೆ ಹೆಮ್ಮೆಯಾಗಿಬಿಟ್ಟಿತು.

"ಅದು ಏನು ಅಗಿತೈತೋ?" ಎಂದೆ.

"ಅಗಿಯಲ್ಲಕ್ಕ, ಲೆಕ್ಕ ಬಿಡಿಸ್ತೈತೆ. ಜಗತ್ತಿನಾಗೆ ಇಂಥವು ಲಕ್ಷಗಟ್ಟಲೆ ಕುಂತು ಒಂದೇ ಲೆಕ್ಕ ಬಿಡಿಸ್ತಾವೆ. ಮೊದಲು ಬಿಡಿಸಿದವರಿಗೆ ಬಿಟ್‌ಕಾಯಿನ್."

"ಉಳಿದವು ಸುಟ್ಟ ಕರೆಂಟು?"

"ಬಿಸಿಯಾಗಿ ಹೋತು ಅಷ್ಟೆ."

ಒಂದೇ ರವಿಕೆಯನ್ನು ಊರಿನ ಟೈಲರುಗಳೆಲ್ಲ ಹೊಲಿದು, ಮೊದಲು ಮುಗಿಸಿದವರದ್ದನ್ನು ಇಟ್ಟುಕೊಂಡು ಉಳಿದವನ್ನು ಒಲೆಗೆ ಹಾಕಿದ ಹಾಗಾಯಿತಲ್ಲ ಅಂತ ನನಗೆ ಅನ್ನಿಸಿತು. ನಾನೂ ಮನೆಯಲ್ಲೇ ರವಿಕೆ ಹೊಲಿಯುವವಳು, ನನಗೆ ತಿಳಿಯುವುದು ಇಂಥ ಲೆಕ್ಕವೇ. ಆದರೆ ತಂದವನು ತಮ್ಮ. ಹೊಲಿಗೆ ಕೋಣೆಯಲ್ಲೇ ಜಾಗ ಮಾಡಿಕೊಟ್ಟೆ.

ಅಬ್ಬಬ್ಬಾ, ಅದರ ಸದ್ದು! ಅಳತೆ ಕೊಡಲು ಬಂದವರು ಕೂಗಿ ಮಾತಾಡಬೇಕಾಯಿತು. ಸೊಂಟದ ಸುತ್ತಳತೆಯನ್ನು ಬೀದಿಗೆ ಕೇಳುವಂತೆ ಕೂಗಲು ಯಾವ ಹೆಂಗಸು ಒಪ್ಪುತ್ತಾಳೆ ಹೇಳಿ. ಸೂರ್ಯ ಮುಳುಗಿದ ಮೇಲೆ ಸೋಲಾರ್ ಬ್ಯಾಟರಿ ಸಾಲದೆ ಅದು ಕಂಬದ ಕರೆಂಟಿಗೂ ಬಾಯಿ ಹಾಕುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಕಾದು ಕಾದು ತಾನಾಗಿಯೇ ನಿಂತುಹೋಯಿತು. ಮಂಜು ಮರುದಿನವೇ ಒಂದು ದೊಡ್ಡ ಕೂಲರ್ ತಂದು ಅದರ ಮುಂದಿಟ್ಟ. "ದಿನಾ ಆರು ಕೊಡ ನೀರು ಹಾಕಕ್ಕ, ತಣ್ಣಗಿರ್ತೈತೆ" ಎಂದು ಹೊನ್ನಾಳಿ ಬಸ್ಸು ಹತ್ತಿದ. ಹೊಳೆ ದಂಡೆಯಲ್ಲಿ ಬೆಳೆದವನು. ಆರು ಕೊಡ ಎಂದರೆ ಅವನಿಗೆ ಆರು ಲೋಟ.

ನಮ್ಮಲ್ಲಿ ನಲ್ಲಿ ಬಂದರೆ ವಾರಕ್ಕೊಂದು ಸಲ. ಅಕ್ಕಿ ತೊಳೆದ ನೀರಿಗೂ ಒಂದು ಕೆಲಸ ಗೊತ್ತುಮಾಡಿಟ್ಟ ಮನೆ ನಮ್ಮದು. ಪರಿಸರಕ್ಕೆ ತೊಂದರೆ ಇಲ್ಲ ಅಂದನಲ್ಲ, ಆ ಪರಿಸರದಲ್ಲಿ ನಮ್ಮ ಸಂಪು ಸೇರಿರಲಿಲ್ಲ ಅಂತ ಕಾಣುತ್ತದೆ. ಯಜಮಾನರಿಗೆ ಅರ್ಧ ಬಕೆಟ್ ಸ್ನಾನ, ಮಷಿನ್ನಿಗೆ ಇಡೀ ದಿನ ತಂಪು. "ನಾನೂ ಲೆಕ್ಕ ಬಿಡಿಸಿದ್ರೆ ಇನ್ನೊಂದು ತಂಬಿಗೆ ಸಿಗ್ತದಾ?" ಎಂದು ಬಚ್ಚಲಿನಿಂದ ಕೂಗುತ್ತಿದ್ದರು. ನಗುತ್ತಲೇ ಕೂಲರಿಗೆ ಕೊಡ ಸುರಿಯುತ್ತಿದ್ದೆ.

ನಗಲಾಗದೆ ಹೋದದ್ದು ಸಾಕಮ್ಮಜ್ಜಿಯ ವಿಷಯದಲ್ಲಿ. ಅಜ್ಜಿ ಹಿಂದಿನ ಓಣಿಯಲ್ಲಿ ಒಬ್ಬಳೇ ಇದ್ದಾಳೆ. ಮನೆಗೆ ಸಂಪಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ, ನಲ್ಲಿ ಬಾರದ ದಿನ ನಮ್ಮ ಸಂಪಿನಿಂದ ಎರಡು ಕೊಡ ಒಯ್ಯುತ್ತಾಳೆ. ಅವತ್ತು ಸಂಪಿನಲ್ಲಿ ಮೊಣಕಾಲುದ್ದ ನೀರಿತ್ತು. ಅಷ್ಟೂ ಮಷಿನ್ನಿಗೇ ಬೇಕು ಅಂತ ನಾನು ಮನಸ್ಸಿನಲ್ಲೇ ಎತ್ತಿಟ್ಟಿದ್ದೆ. ಅಜ್ಜಿ ಕೊಡ ಹಿಡಿದು ಬಂದಾಗ, "ಸಂಪು ಬರಿದಾಗೈತೆ ಅಜ್ಜಿ, ನಮಗೇ ಇಲ್ಲ" ಅಂದುಬಿಟ್ಟೆ. "ಹೌದೇನವ್ವಾ" ಎಂದು ಖಾಲಿ ಕೊಡ ಹೊತ್ತು ತಿರುಗಿದಳು. ನನ್ನ ಬಾಯಿಯಿಂದ ಅಂಥ ಮಾತು ಅಷ್ಟು ಸಲೀಸಾಗಿ ಬಂತಲ್ಲ ಅಂತ ನನಗೇ ಹೆದರಿಕೆಯಾಯಿತು. ಆದರೂ ಹೋಗಿ ಕೂಲರ್ ತುಂಬಿದೆ.

ಮಾರನೆಯ ದಿನ ಬೆಳಗ್ಗೆ ಬಾಗಿಲಲ್ಲಿ ಸಾಕಮ್ಮಜ್ಜಿ. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು, ಎರಡೂ ತುಂಬಿದವು. "ನಮ್ಮ ಓಣಿಗೆ ಟ್ಯಾಂಕರ್ ಬಂದಿತ್ತವ್ವಾ. ನೀರಿಲ್ಲ ಅಂದಿದ್ಯಲ್ಲ, ತಗಾ. ಕಂಡಕ್ಟ್ರಪ್ಪ ಡೂಟಿಗೆ ಹೋಗೋ ಮನುಷ್ಯ, ಮೈ ತೊಳಕಂಡು ಹೋಗ್ಲಿ" ಎಂದು ಏದುಸಿರು ಬಿಡುತ್ತಾ ಕೊಡ ಇಳಿಸಿದಳು. ಒಳಗೆ ಮಷಿನ್ನಿನ ಗಲಾಟೆಯ ನಡುವೆ ಕೂಲರಿನಲ್ಲಿ ನೀರು ಸುರಿಯುತ್ತಿತ್ತು. "ಏನವ್ವಾ ಅದು ಸದ್ದು?" ಎಂದಳು.

"ಹೊಲಿಗೆ ಮಷಿನ್ ಅಜ್ಜಿ" ಎಂದೆ. ಸುಳ್ಳು ಎರಡಾಯಿತು.

ಯಜಮಾನರು ಪಡಸಾಲೆಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಅಣಕಿಸಲಿಲ್ಲ. ಅಣಕಿಸಿದ್ದರೆ ಚೆನ್ನಾಗಿರುತ್ತಿತ್ತು. ಅಜ್ಜಿ ಹೋದ ಮೇಲೆ ನಾನು ಒಳಗೆ ಹೋಗಿ ಮಷಿನ್ನು, ಕೂಲರು ಎರಡರ ಸ್ವಿಚ್ಚೂ ಆರಿಸಿ, ಮಂಜುಗೆ ಫೋನ್ ಮಾಡಿದೆ: "ಇವತ್ತೇ ಬಂದು ನಿನ್ನ ಕೂಸನ್ನು ಕರಕೊಂಡು ಹೋಗು." ತವರಿನ ವಸ್ತುವನ್ನು ನಾನು ಹಿಂದಕ್ಕೆ ಕಳಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ.

ಈಗ ಅಜ್ಜಿ ಎರಡು ಕೊಡಕ್ಕೆ ಬಂದರೆ ಮೂರನೆಯದನ್ನು ನಾನೇ ಹೊತ್ತು ಅವಳ ಮನೆಗೆ ಮುಟ್ಟಿಸುತ್ತೇನೆ. "ಆಕಿ ಮನಸ್ಸು ಬಲು ದೊಡ್ಡದು ಕಣ್ರೀ. ತನಗೇ ನೀರಿಲ್ಲದಾಗ್ಲೂ ನಮ್ಮನ್ನ ಮರೆಯಾಕಿಲ್ಲ" ಎಂದು ಓಣಿಯ ತುಂಬ ಹೇಳಿಕೊಂಡು ಬರುತ್ತಾಳೆ. ಕೇಳಿದಾಗಲೆಲ್ಲ ನಿಜ ಹೇಳಿಬಿಡಬೇಕು ಅನ್ನಿಸುತ್ತದೆ. ಆದರೆ ಹೊಗಳಿಕೆ ಬಹಳ ಹಿತವಾಗಿದೆ. ಇನ್ನೊಂದಿಷ್ಟು ದಿನ ಕೇಳಿಸಿಕೊಂಡು ಆಮೇಲೆ ಹೇಳೋಣ ಅಂತಿದ್ದೇನೆ.